ಬೆವರಿನ ಪರೀಕ್ಷೆಗೊಂದು ಪೊರಕೆ

ಮಕ್ಕಳ ಡಾಕ್ಟರಾಗಲು ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಆಯುಷ್ಯದ ಬಹುಪಾಲು ಭೇದಿ, ವಾಂತಿ, ಸಿಂಬಳ, ಬೆವರು ಇವುಗಳ ಸಹವಾಸದಲ್ಲಿ ಕಳೆಯಲಿದೆ. ಕೊರಳಿನ ಸ್ಟೆತಾಸ್ಕೋಪು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಯಾವುದೇ ಮಗು ನನ್ನ ಸೀರೆಯ ಮೇಲೆ ಮೂತ್ರ ಮಾಡದ ದಿನವೆಂದರೆ ಅವತ್ತು ನಾನು ರಜೆಯಲ್ಲಿದ್ದೆ ಎಂದೇ ಅರ್ಥ.

ತಂಗಿಯ ಮಗಳು ಈಗ ಮಕ್ಕಳ ವಿಭಾಗಕ್ಕೆ ಸೇರಿದ್ದಾಳೆ. ಮೊನ್ನೆ ವಿದ್ಯಾನಗರದ ನಮ್ಮ ಮನೆಗೆ ಬಂದವಳು, "ದೊಡ್ಡಮ್ಮ, ನಿಮ್ಮ ಅನುಭವ ಬರ್ದುಕೊಡಿ, ನಮಗೆ ಉಪಯೋಗ ಆಗತ್ತೆ" ಎಂದಳು. ಉಪಯೋಗವಾಗುವಂಥದ್ದೆಲ್ಲ ಅವಳ ಫೋನಿನಲ್ಲೇ ಇದೆ, ನನಗಿಂತ ಚೆನ್ನಾಗಿಯೂ ಇದೆ. ಆದ್ದರಿಂದ ಉಳಿದದ್ದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಶುರುವಿನಲ್ಲಿ ಭದ್ರಾವತಿಯ ಓಲ್ಡ್ ಟೌನಿನಲ್ಲಿ ನನ್ನದೊಂದು ಪುಟ್ಟ ಕ್ಲಿನಿಕ್ಕಿತ್ತು. ಬೇಸಿಗೆ ಬಂತೆಂದರೆ ಭೇದಿ. ಬಜಾರಿನವರು, ಫ್ಯಾಕ್ಟರಿ ಕ್ವಾರ್ಟರ್ಸಿನ ತಮಿಳರು, ತೆಲುಗರು, ಎಲ್ಲರೂ ಮಕ್ಕಳನ್ನು ಹೊತ್ತು ಬರುತ್ತಿದ್ದರು. ಎಲ್ಲರಿಗೂ ಬೇಕಾಗಿದ್ದದ್ದು ಒಂದೇ: ಬಾಟ್ಲಿ. ಮೇಲೆ ತೂಗುಹಾಕಿ ಹನಿಹನಿಯಾಗಿ ಇಳಿಸುವ ಗ್ಲೂಕೋಸ್ ಬಾಟ್ಲಿ. ನಾನು ಕೊಡುತ್ತಿದ್ದದ್ದು ಉಪ್ಪು ಸಕ್ಕರೆಯ ಪುಡಿಯ ಪೊಟ್ಟಣ.

"ಎನ್ನ ಡಾಕ್ಟ್ರಮ್ಮಾ, ಮಗು ಸಾಯ್ತಾ ಇದೆ, ನೀವು ಉಪ್ಪುನೀರು ಕುಡ್ಸು ಅಂತೀರಾ?" ಎಂದು ಕ್ವಾರ್ಟರ್ಸಿನ ತಮಿಳು ಹೆಂಗಸೊಬ್ಬಳು ನನ್ನ ಮೇಜಿನ ಮೇಲೇ ಪೊಟ್ಟಣ ಎಸೆದಿದ್ದಳು. ಎಸೆದವಳೇ ಮರುದಿನ ಬಂದು ಎರಡು ಪೊಟ್ಟಣ ಕೇಳಿದಳು.

ಆಗ ನಾನು ಜನರಿಗೆ ಹೇಳುತ್ತಿದ್ದ ಪಾಠವನ್ನೇ ನಿಮಗೂ ಹೇಳುತ್ತೇನೆ. ಪರೀಕ್ಷೆಗೆ ಬರೆಯಬೇಡಿ, ಫೇಲಾಗುತ್ತೀರಿ. ನಮ್ಮ ಕರುಳು, ಶ್ವಾಸಕೋಶ, ಮೂತ್ರಪಿಂಡ, ಬೆವರಿನ ನಾಳ ಎಲ್ಲದಕ್ಕೂ ಒಳಗಡೆ ಜೀವಕೋಶಗಳದೊಂದು ತೆಳುವಾದ ಒಳಪದರವಿದೆ. ಅದು ಬರೀ ಗೋಡೆಯಲ್ಲ, ತುಂಬ ಬಾಗಿಲುಗಳಿರುವ ಗೋಡೆ. ಯಾವ ಬಾಗಿಲಿಂದ ಯಾರು ಒಳಗೆ, ಯಾರು ಹೊರಗೆ ಎಂಬುದರ ಮೇಲೆ ನಮ್ಮ ಬದುಕು ನಿಂತಿದೆ. ಕರುಳಿನಲ್ಲಿ ಒಂದು ಬಾಗಿಲಿದೆ, ಅಲ್ಲಿ ಉಪ್ಪು ಮತ್ತು ಸಕ್ಕರೆ ಕೈ ಕೈ ಹಿಡಿದು ಜೋಡಿಯಾಗಿ ಬಂದರೆ ಮಾತ್ರ ಒಳಗೆ ಬಿಡುತ್ತಾರೆ. ಅವು ಒಳಗೆ ಹೋದರೆ ನೀರು ಕರೆಯದೆ ಬರುವ ನೆಂಟರ ಹಾಗೆ ಹಿಂದೆಯೇ ಹೋಗುತ್ತದೆ. ಕಾಲರಾದಲ್ಲಿ ಬೇರೆ ಬಾಗಿಲೊಂದು ತೆರೆದುಕೊಂಡು ಮುಚ್ಚುವುದನ್ನೇ ಮರೆಯುತ್ತದೆ, ಉಪ್ಪಿನ ಒಂದು ಅಂಶವಾದ ಕ್ಲೋರೈಡು ಅಲ್ಲಿಂದ ಹೊರಗೆ ಸುರಿಯುತ್ತದೆ, ನೆಂಟರೂ ಅದರ ಹಿಂದೆ ಹೊರಡುತ್ತಾರೆ. ಆದರೂ ಜೋಡಿ ಬಾಗಿಲು ಕೆಟ್ಟಿರುವುದಿಲ್ಲ. ಅದೊಂದನ್ನು ನಂಬಿಕೊಂಡು ನಾವು ಬಾಟ್ಲಿ ಇಲ್ಲದೆ ಮಕ್ಕಳನ್ನು ಉಳಿಸುತ್ತಿದ್ದೆವು.

ಪಾಠ ಹೇಳಿದೆನೆಂದು ಜನ ಕೇಳಿದರು ಅಂದುಕೊಳ್ಳಬೇಡಿ. ಒಂದು ಲೀಟರಿಗೆ ಹಾಕಬೇಕಾದ ಪುಡಿಯನ್ನು ಒಬ್ಬ ತಾಯಿ ಒಂದೇ ಲೋಟಕ್ಕೆ ಸುರಿದು ಕುಡಿಸಿದ್ದಳು. ಯಾಕಮ್ಮಾ ಅಂದರೆ, "ಸ್ಟ್ರಾಂಗ್ ಆಗ್ಲಿ ಅಂತ. ಕಾಫಿ ತೆಳ್ಳಗೆ ಮಾಡಿದ್ರೆ ನಮ್ಮೆಜಮಾನ್ರು ಕುಡಿಯಲ್ಲ" ಅಂದಳು. ಅಷ್ಟು ಗಟ್ಟಿ ನೀರು ಕರುಳಿಗೆ ಹೋದರೆ ಮೈಯಲ್ಲಿ ಉಳಿದ ನೀರನ್ನೂ ಅದೇ ಎಳೆದುಕೊಳ್ಳುತ್ತದೆ. ಆ ಮಗುವಿಗೆ ಕೊನೆಗೆ ಬಾಟ್ಲಿಯನ್ನೇ ಹಾಕಬೇಕಾಯಿತು. "ನೋಡಿದ್ರಾ, ಮೊದ್ಲೇ ಬಾಟ್ಲಿ ಹಾಕಿದ್ರೆ ಆಗ್ತಿತ್ತು" ಎಂದು ಆಕೆ ಊರಿಗೆಲ್ಲ ಹೇಳಿಕೊಂಡು ಬಂದಳು. ನನ್ನ ಕ್ಲಿನಿಕ್ಕು ಹೆಚ್ಚು ದಿನ ನಡೆಯಲಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಆಮೇಲೆ ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಒಂದು ಸಣ್ಣ ಮಕ್ಕಳ ಆಸ್ಪತ್ರೆಗೆ ಸೇರಿದೆ. ಅದರ ಹೆಸರು ಬೇಡ, ಈಗ ಅದು ಅಲ್ಲಿಲ್ಲ. ಅಲ್ಲಿ ನಮ್ಮ ಮುಖ್ಯಸ್ಥರು ಗುರುಬಸಪ್ಪ ಸಾರ್. ಮಗುವಿನ ಅಳು ಕೇಳಿಯೇ ಕಾಯಿಲೆ ಹೇಳುತ್ತಾರೆ ಎಂಬ ಹೆಸರು ಅವರಿಗಿತ್ತು, ಹತ್ತರಲ್ಲಿ ಎಂಟು ಸಲ ಅದು ಸರಿಯೂ ಆಗುತ್ತಿತ್ತು. ಉಳಿದ ಎರಡು ಸಲ ಮಗುವೇ ತಪ್ಪು ಅಳುತ್ತಿದೆ ಎಂದು ಅವರ ವಾದ. ರೌಂಡ್ಸಿನಲ್ಲಿ ನಾನು ಬಾಯಿ ತೆಗೆದರೆ, "ನಾಗರತ್ನ, ನೀನು ಪುಸ್ತಕ ಕಡಿಮೆ ಓದಬೇಕು ಮಾರಾಯ್ತಿ" ಎನ್ನುತ್ತಿದ್ದರು.

ಒಂದು ಏಪ್ರಿಲ್ ತಿಂಗಳಲ್ಲಿ ಓಲ್ಡ್ ಟೌನಿನಿಂದ ಚೈತ್ರ ಎಂಬ ಮಗು ಬಂತು. ಇನ್ನೂ ಹಲ್ಲು ಬಂದಿರಲಿಲ್ಲ. ಅಪ್ಪ ಮಹೇಶನದು ಸೈಕಲ್ ಶಾಪು. ಅಮ್ಮ ಗಿರಿಜ. ಆದರೆ ಮಗುವನ್ನು ಎತ್ತಿಕೊಂಡಿದ್ದದ್ದು ಅಜ್ಜಿ, ಮಹೇಶನ ತಾಯಿ ಪಾರ್ವತಮ್ಮ. ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ಹಾಲಿನ ಬಾಟಲಿ. ಗಿರಿಜ ಮೂರು ಹೆಜ್ಜೆ ಹಿಂದೆ, ಯಾರದೋ ಮಗುವಿನ ಜೊತೆ ಬಂದವಳಂತೆ ನಿಂತಿದ್ದಳು.

ಮಗು ಬಟ್ಟೆಯ ಹಾಗೆ ಜೋತುಬಿದ್ದಿತ್ತು. ವಾಂತಿ ಸ್ವಲ್ಪ, ಭೇದಿಯಂತೂ ಇಲ್ಲವೇ ಇಲ್ಲ, ಆದರೂ ಮೈಯಲ್ಲಿ ನೀರಿಲ್ಲ. ರಕ್ತದಲ್ಲಿ ಉಪ್ಪಿನ ಅಂಶ ಪಾತಾಳಕ್ಕಿಳಿದಿತ್ತು. ಉಪ್ಪುನೀರು ಕೊಟ್ಟ ಕೂಡಲೇ ಚೇತರಿಸಿಕೊಂಡಿತು. ಆದರೆ ಹುಟ್ಟಿದಾಗಿನಿಂದ ಕೆಮ್ಮು, ಮಲ ಎಣ್ಣೆಯೆಣ್ಣೆ, ತೂಕವಿಲ್ಲ. ಇದಕ್ಕೂ ಮೊದಲು ಒಬ್ಬ ಗಂಡುಮಗ ಇದ್ದನಂತೆ. ಹೀಗೇ ಕೆಮ್ಮಿ ಕೆಮ್ಮಿ ವರ್ಷ ತುಂಬುವ ಮೊದಲೇ ಹೋಗಿದ್ದ.

"ಎದೆಹಾಲು ಕೊಡ್ತಿಲ್ವಾ?" ಎಂದು ಕೇಳಿದೆ.

ಪಾರ್ವತಮ್ಮ ಉತ್ತರಿಸಿದರು. "ಅವಳ ಹಾಲು ಒಳ್ಳೇದಲ್ಲ ಡಾಕ್ಟ್ರೇ. ನಂಜು. ಮೊದಲ್ನೇದು ಆ ಹಾಲು ಕುಡ್ದೇ ಹೋಯ್ತು. ಇದಕ್ಕೂ ಅದನ್ನೇ ಕುಡ್ಸಿ ಕಳಕೊಳ್ಳಕ್ಕೆ ನಾನು ಬಿಡಲ್ಲ." ಕೆಟ್ಟ ಹೆಂಗಸಿನ ಹಾಗೆ ಹೇಳಲಿಲ್ಲ ಆಕೆ. ಬಿಸಿಲಿಗೆ ಹೋಗಬೇಡ ಎನ್ನುವಷ್ಟು ಸಹಜವಾಗಿ ಹೇಳಿದರು. ಗಿರಿಜಳ ರವಿಕೆ ಹಾಲಿನಿಂದ ಒದ್ದೆಯಾಗಿತ್ತು. ಆಗಾಗ ಬಚ್ಚಲಿಗೆ ಹೋಗಿ ಹಾಲು ಹಿಂಡಿ ಚೆಲ್ಲಿ ಬರುತ್ತಾಳೆಂದು ನರ್ಸಮ್ಮ ಹೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತು.

ಮರುದಿನ ಅಜ್ಜಿ ಕಾಫಿಗೆ ಹೋದ ಹೊತ್ತು ನೋಡಿ ಗಿರಿಜ ನನ್ನ ಹತ್ತಿರ ಬಂದಳು. "ಮೇಡಂ, ನಗಬೇಡಿ. ಇವಳಿಗೆ ಮುತ್ತು ಕೊಟ್ರೆ ಉಪ್ಪುಪ್ಪು. ಅವನಿಗೂ ಹಂಗೇ ಇತ್ತು."

ನಾನು ನಗಲಿಲ್ಲ. ಬಗ್ಗಿ ಮಗುವಿನ ಹಣೆ ನೆಕ್ಕಿದೆ. ಹೊಸ ಡಾಕ್ಟರುಗಳೇ, ಮುಖ ಸಿಂಡರಿಸಬೇಡಿ. ಉಪ್ಪಿನಕಾಯಿ ಜಾಡಿಯ ಮುಚ್ಚಳ ನೆಕ್ಕಿದ ಹಾಗಿತ್ತು.

ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆಯನ್ನು ಪುಸ್ತಕದಲ್ಲಿ ಓದಿದ್ದೆ. ಕಾಲರಾದಲ್ಲಿ ತೆರೆದೇ ಉಳಿಯುತ್ತದೆ ಎಂದೆನಲ್ಲ, ಆ ಕ್ಲೋರೈಡಿನ ಬಾಗಿಲು ಈ ಮಕ್ಕಳಲ್ಲಿ ಹುಟ್ಟಿನಿಂದಲೇ ಜಾಮ್ ಆಗಿರುತ್ತದೆ. ಶ್ವಾಸಕೋಶದ ಒಳಪದರಕ್ಕೆ ಉಪ್ಪು ಬರುವುದಿಲ್ಲ, ಉಪ್ಪಿಲ್ಲದ ಕಡೆ ನೀರು ಬರುವುದಿಲ್ಲ, ಕಫ ಗೋಂದಾಗುತ್ತದೆ. ಅನ್ನ ಜೀರ್ಣಿಸುವ ರಸದ ನಾಳವೂ ಹಾಗೇ ಕಟ್ಟಿಕೊಳ್ಳುತ್ತದೆ. ಬೆವರಿನಲ್ಲಿ ಮಾತ್ರ ಉಲ್ಟಾ. ಬೆವರು ಹೊರಗೆ ಬರುವ ದಾರಿಯಲ್ಲಿ ಅದರ ಉಪ್ಪನ್ನು ಮೈ ಅದೇ ಬಾಗಿಲಿನಿಂದ ವಾಪಸು ಎಳೆದುಕೊಳ್ಳಬೇಕು. ಬಾಗಿಲು ಜಾಮಾದರೆ ಉಪ್ಪೆಲ್ಲ ಚರ್ಮದ ಮೇಲೆ. ಭದ್ರಾವತಿಯ ಏಪ್ರಿಲ್ ಸೆಕೆಯಲ್ಲಿ ಚೈತ್ರಳ ಮೈಯ ಉಪ್ಪು ಹೀಗೆ ಬೆವರಿನಲ್ಲಿ ಹೋಗಿಬಿಟ್ಟಿತ್ತು.

ರೌಂಡ್ಸಿನಲ್ಲಿ ಹೇಳಿದೆ. ಗುರುಬಸಪ್ಪ ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಅದು ಬಿಳಿಯರ ಕಾಯಿಲೆ ಕಣೇ. ಓಲ್ಡ್ ಟೌನಿಗೆ ಯಾವ ಬಸ್ಸಲ್ಲಿ ಬಂತು?"

"ಮಗು ಉಪ್ಪುಪ್ಪಾಗಿದೆ ಸಾರ್."

"ಆಗದೆ ಏನು? ಅಜ್ಜಿ ದಿನಾ ಸಂಜೆ ಮುಷ್ಟಿ ತುಂಬ ಉಪ್ಪು ಮೆಣಸಿನಕಾಯಿ ಹಿಡ್ಕೊಂಡು ದೃಷ್ಟಿ ತೆಗೀತಾಳೆ. ಅದೇ ಕೈಯಲ್ಲಿ ಮಗೂನ ಮುದ್ದು ಮಾಡ್ತಾಳೆ. ನಿನ್ನ ನಾಲಿಗೆಗೆ ಇನ್ನೇನು ಸಿಗತ್ತೆ, ಸಕ್ಕರೇನಾ?"

ಮಾತು ಸರಿಯಾಗಿಯೇ ಇತ್ತು, ಅದೇ ತಲೆನೋವು. ಅಜ್ಜಿಯರು ಮೊಮ್ಮಕ್ಕಳಿಗೆ ಉಪ್ಪು ಸುಳಿದು ದೃಷ್ಟಿ ತೆಗೆಯುವ ಊರಿನಲ್ಲಿ ಉಪ್ಪಿನ ಮಗುವನ್ನು ಯಾರು ಗುರುತಿಸುತ್ತಾರೆ? ಬೆವರನ್ನೇ ಹಿಡಿದು ಪರೀಕ್ಷೆ ಮಾಡಬೇಕು. ಅದಕ್ಕೆ ಬೇಕಾದ ಯಂತ್ರ ನನಗೆ ಗೊತ್ತಿದ್ದ ಮಟ್ಟಿಗೆ ನಮ್ಮ ಜಿಲ್ಲೆಯಲ್ಲೆಲ್ಲೂ ಇರಲಿಲ್ಲ. ಬೆಂಗಳೂರಿಗೆ ಹೋಗಿ ಎಂದರೆ ಪಾರ್ವತಮ್ಮ, "ಸುಡೋ ಬಿಸಿಲಲ್ಲಿ ಅಷ್ಟು ದೂರ ಕೂಸನ್ನ ಕರ್ಕೊಂಡು ಹೋಗಲ್ಲ, ಮನೆಗೇ ಹೋಗ್ತೀವಿ" ಎಂದರು. ಮನೆಗೆ ಹೋದರೆ ಮಗು ಅಣ್ಣನ ದಾರಿ ಹಿಡಿಯುತ್ತಿತ್ತು.

ಆಗ ಲ್ಯಾಬಿನ ಇಕ್ಬಾಲ್ ಮತ್ತು ನಾನು ಸೇರಿ ಒಂದು ಯಂತ್ರ ಕಟ್ಟಿದೆವು. ಕಟ್ಟಿದೆವು ಎನ್ನುವುದು ದೊಡ್ಡ ಮಾತು. ಬೆವರು ತರಿಸುವ ಪೈಲೋಕಾರ್ಪಿನ್ ಔಷಧಿ ಕಣ್ಣಿನ ಡ್ರಾಪ್ಸಾಗಿ ಮೆಡಿಕಲ್ ಶಾಪಿನಲ್ಲೇ ಸಿಗುತ್ತಿತ್ತು. ಅದನ್ನು ಚರ್ಮದೊಳಗೆ ದೂಡಲು ಸಣ್ಣ ಕರೆಂಟು ಬೇಕು, ಅದು ಫಿಸಿಯೋಥೆರಪಿ ಕೋಣೆಯ ಹಳೇ ಡಬ್ಬಿಯಲ್ಲಿತ್ತು. ಆಮೇಲೆ ಆ ಜಾಗಕ್ಕೆ ಫಿಲ್ಟರ್ ಪೇಪರ್ ಇಟ್ಟು, ಪ್ಲಾಸ್ಟಿಕ್ ಮುಚ್ಚಿ, ಅರ್ಧ ಗಂಟೆ ಬೆವರು ಹೀರಿಸಬೇಕು. ಅದರ ಉಪ್ಪನ್ನು ಇಕ್ಬಾಲ್ ಲ್ಯಾಬಿನಲ್ಲೇ ಅಳೆಯಬಲ್ಲ, ಆದರೆ ಬೆವರೆಷ್ಟು ಎಂದು ತಿಳಿಯಲು ಪೇಪರಿನ ತೂಕ ಮೊದಲೆಷ್ಟು, ಆಮೇಲೆಷ್ಟು ಎಂದು ನೋಡಬೇಕು, ಅದಕ್ಕೆ ನಮ್ಮ ಲ್ಯಾಬಿನ ತಕ್ಕಡಿ ಸಾಲದು. ಇಕ್ಬಾಲ್ ಪೇಪರನ್ನು ಡಬ್ಬಿಯಲ್ಲಿ ಹಾಕಿಕೊಂಡು ಗಾಂಧಿ ಬಜಾರಿನ ಅಕ್ಕಸಾಲಿಗರ ಹತ್ತಿರ ಓಡಿದ.

"ಏನು ಭಾಯ್, ವಜ್ರಾನಾ?" ಎಂದು ಅವರು ಕೇಳಿದರಂತೆ.

"ಬೆವರು."

ಅಕ್ಕಸಾಲಿಗರು ತೂಗಿಕೊಟ್ಟು, ತಟ್ಟೆಯನ್ನು ಹುಣಸೆಹಣ್ಣು ಹಾಕಿ ತೊಳೆದರು ಎಂದು ಇಕ್ಬಾಲ್ ವರದಿ ಮಾಡಿದ.

ಯಂತ್ರ ಸರಿಯಿದೆಯೇ ಎಂದು ಮೊದಲು ನಮ್ಮ ಮೇಲೆ ಪ್ರಯೋಗ. ಇಕ್ಬಾಲನ ತೋಳು, ನನ್ನ ತೋಳು, ಕೊನೆಗೆ, "ನನಗೂ ಹಾಕಿ, ನಿಮ್ಮ ಆಟಿಕೆ ಏನು ಮಾಡತ್ತೆ ನೋಡೋಣ" ಎಂದು ಸಾರ್ ಕೂಡ ತೋಳು ಚಾಚಿದರು. ಅವರ ಬೆವರಿನಲ್ಲಿ ಉಪ್ಪು ಕಡಿಮೆಯೇ ಬಂತು. ಮಾತಿನಲ್ಲಿ ಖರ್ಚಾಗಿರಬೇಕು ಎಂದೆ. ಅವರಿಗೆ ನಗು ಬಂದರೂ ತೋರಿಸಿಕೊಳ್ಳಲಿಲ್ಲ.

ಮಗುವಿನ ಸರದಿ ಬಂತು. ತೋಳನ್ನು ಚೆನ್ನಾಗಿ ತೊಳೆದು, ಕರೆಂಟು ಕೊಟ್ಟು, ಪೇಪರ್ ಕಟ್ಟಿದೆವು. ನನಗೆ ಇನ್ನೊಂದು ಮಗುವಿನ ಕರೆ ಬಂತು, ಇಕ್ಬಾಲ್ ಲ್ಯಾಬಿನಲ್ಲಿ ತಯಾರಿ ಮಾಡಬೇಕಿತ್ತು. "ನಾನೇ ಕೂತಿರ್ತೀನಿ, ಹೋಗಿ. ನೀವು ಮೋಸ ಮಾಡಬಾರ್ದಲ್ಲ" ಎಂದರು ಸಾರ್. ಆಸ್ಪತ್ರೆಯ ಅತಿ ಹಿರಿಯ ವೈದ್ಯರು ಕಾವಲು ಕೂತರು.

ಫಲಿತಾಂಶ ನೋಡಿ ಇಕ್ಬಾಲ್ ತಲೆ ಕೆರೆದುಕೊಂಡ. ಅಷ್ಟು ಉಪ್ಪು ಯಾವ ಮನುಷ್ಯನ ಬೆವರಿನಲ್ಲೂ, ಯಾವ ಕಾಯಿಲೆಯಲ್ಲೂ ಇರಲು ಸಾಧ್ಯವಿಲ್ಲ.

"ಇದು ಮಗುವಲ್ಲ ಮಾರಾಯ್ತಿ, ಸಮುದ್ರ" ಎಂದು ಸಾರ್ ಗಹಗಹಿಸಿದರು. "ಮುಚ್ಚಿಡಿ ನಿಮ್ಮ ಅಂಗಡೀನ."

ಮುಚ್ಚಿಡುವ ಮೊದಲು ಆ ಪ್ಲಾಸ್ಟಿಕ್ ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಅಂಚಿನಲ್ಲಿ ಕಲ್ಲುಪ್ಪಿನ ಹರಳೊಂದು ಅಂಟಿಕೊಂಡಿತ್ತು, ಜೊತೆಗೆ ಒಂದು ಮೆಣಸಿನಕಾಯಿ ಬೀಜ.

"ಸಾರ್, ನೀವು ಕೂತಿದ್ದಾಗ ಯಾರಾದ್ರೂ ಬಂದಿದ್ರಾ?"

ಸಾರ್ ಕಿಟಕಿಯ ಕಡೆ ನೋಡಿದರು. ಮಗುವಿನ ತೋಳಿಗೆ ಕರೆಂಟು ಕೊಟ್ಟದ್ದನ್ನು ನೋಡಿ ಹೆದರಿದ್ದ ಪಾರ್ವತಮ್ಮ, ನಾವು ಅತ್ತ ಹೋದ ಕೂಡಲೇ ಮುಷ್ಟಿ ಬಿಗಿದುಕೊಂಡು ಬಂದಿದ್ದರು. ಸಾರ್ ತಡೆಯಲಿಲ್ಲ. ತಡೆಯುವುದಿರಲಿ, ಮಗುವಿಗೆ ಸುಳಿದಾದ ಮೇಲೆ ಆಕೆ, "ನಿಮ್ಗೂ ಜನರ ಕಣ್ಣು ಜಾಸ್ತಿ ಸ್ವಾಮಿ" ಎಂದಾಗ ತಾವೂ ಕನ್ನಡಕ ತೆಗೆದು ಕಣ್ಣು ಮುಚ್ಚಿ ಕೂತರಂತೆ. ಇದನ್ನು ಪಕ್ಕದ ಹಾಸಿಗೆಯ ತಾಯಂದಿರು ವಿವರವಾಗಿ, ಅಭಿನಯ ಸಮೇತ ಹೇಳಿದರು.

"ಬೆಳಗ್ಗೆಯಿಂದ ತಲೆ ಭಾರ ಇತ್ತು. ಈಗಿಲ್ಲ" ಎಂದರು ಸಾರ್.

ಮತ್ತೆ ಪರೀಕ್ಷೆ ಮಾಡಬೇಕು. ಅಲ್ಲಿಯವರೆಗೆ ಉಪ್ಪು ಸುಳಿಯಬಾರದು ಎಂದು ಪಾರ್ವತಮ್ಮನಿಗೆ ಹೇಳಿದೆ. ಆಕೆ ಎದ್ದೇ ಬಿಟ್ಟರು.

"ಆಗಲ್ಲ. ದೊಡ್ಡೋನು ಹೋದ ದಿನ ನಾನು ಊರಲ್ಲಿರ್ಲಿಲ್ಲ. ಅವತ್ತೊಂದೇ ದಿನ ದೃಷ್ಟಿ ತೆಗೀಲಿಲ್ಲ. ಬಂದು ನೋಡಿದ್ರೆ ಮಗು ಇಲ್ಲ." ಆಕೆ ಮಗುವನ್ನು ಎದೆಗವಚಿಕೊಂಡರು. "ನೀವು ಕರೆಂಟ್ ಕೊಡ್ತೀರಿ, ಸೂಜಿ ಚುಚ್ತೀರಿ, ನಾನು ಬೇಡ ಅಂದ್ನಾ? ನಂಗೆ ಗೊತ್ತಿರೋದು ಇದೊಂದೇ. ಇದನ್ನೂ ಬಿಡು ಅಂದ್ರೆ ಹೆಂಗೆ?"

ಆ ಗಳಿಗೆಯವರೆಗೆ ನನಗೆ ಆಕೆಯ ಮೇಲೆ ಬರೀ ಸಿಟ್ಟಿತ್ತು. ಆಮೇಲೆ ಸಿಟ್ಟಿನ ಜೊತೆಗೆ ಇನ್ನೇನೋ ಸೇರಿಕೊಂಡಿತು. ವಿಜ್ಞಾನ ಬೋಧಿಸಲು ಹೋದರೆ ಮಗುವನ್ನು ಎತ್ತಿಕೊಂಡು ಹೊರಟೇಬಿಡುತ್ತಾರೆ ಎಂಬುದಂತೂ ಕಾಣುತ್ತಿತ್ತು.

"ಅಮ್ಮಾ, ಉಪ್ಪಲ್ಲೇ ತೆಗೀಬೇಕಾ? ನಮ್ಮಜ್ಜಿ ಪೊರಕೇಲಿ ತೆಗೀತಿದ್ರು."

ಪಾರ್ವತಮ್ಮ ಯೋಚಿಸಿದರು. "ಪೊರಕೇಲೂ ತೆಗೀಬಹುದು. ಆದ್ರೆ ಉಪ್ಪಿನಷ್ಟು ಪವರ್ ಇಲ್ಲ."

"ಹಾಗಾದ್ರೆ ದಿನಕ್ಕೆರಡು ಸಲ ತೆಗೀರಿ."

ಚೌಕಾಸಿ ಮುಗಿಯಿತು. ವಾರ್ಡಿನ ಆಯಾ ಹೊಸ ತೆಂಗಿನ ಪೊರಕೆ ತಂದುಕೊಟ್ಟಳು. ಕೇಸ್ ಶೀಟಿನಲ್ಲಿ ಆಂಟಿಬಯೋಟಿಕ್ಕಿನ ಕೆಳಗೆ "ಪೊರಕೆ, ಬೆಳಗ್ಗೆ ಸಂಜೆ" ಎಂದು ಬರೆದೆ. ಸಾರ್ ಅದನ್ನು ಓದಿ ಸಹಿ ಹಾಕಿದರು. "ನನಗೆ ಮಾತ್ರ ಪೊರಕೆ ಬೇಡ ತಾಯಿ" ಎಂದು ಪಾರ್ವತಮ್ಮನಿಗೆ ಮುಂಚಿತವಾಗಿಯೇ ಹೇಳಿದರು.

ಎರಡನೇ ಸಲ ನಾನೇ ಕೂತೆ, ಅಲುಗಾಡದೆ. ಅಜ್ಜಿ ಬಾಗಿಲಲ್ಲಿ ಪೊರಕೆ ಹಿಡಿದು ಕಾದರು. ಈ ಸಲ ಬಂದದ್ದು ಸಮುದ್ರವಲ್ಲ. ಆದರೆ ನಮ್ಮ ಮೂವರ ಬೆವರಿಗಿಂತ ಎಷ್ಟೋ ಪಾಲು ಹೆಚ್ಚು, ಪುಸ್ತಕ ಹೇಳಿದ ಗೆರೆಯನ್ನು ದಾಟಿ ಬಹಳ ಮೇಲೆ. ಇನ್ನೊಂದು ತೋಳಿನಲ್ಲೂ ಮಾಡಿದೆವು, ಅದೇ ಬಂತು.

ಸಾರ್ ಫಲಿತಾಂಶದ ಚೀಟಿಯನ್ನು ಎರಡು ಸಲ ಓದಿದರು. "ಇಷ್ಟು ವರ್ಷದಲ್ಲಿ ಇಂಥ ಎಷ್ಟು ಮಕ್ಕಳಿಗೆ ನಾನು ಟಿಬಿ ಅಂತ ಬರೆದು ಕಳಿಸಿದೀನೋ" ಎಂದರು. ಆ ಮನುಷ್ಯನ ಬಗ್ಗೆ ಇಷ್ಟು ಹೊತ್ತು ತಮಾಷೆ ಮಾಡಿದೆ. ಅವತ್ತು ಅವರ ಮುಖ ನೋಡಿದ್ದರಿಂದಲೇ ಕೊನೆಯವರೆಗೂ ಅವರ ಕೈಕೆಳಗೆ ಕೆಲಸ ಮಾಡಿದೆ. ಅದಾದ ಮೇಲೆ ಅವರು ವಾರ್ಡಿನ ಪ್ರತಿ ಕೆಮ್ಮುವ ಮಗುವಿನ ಹಣೆ ನೆಕ್ಕಲು ಶುರುಮಾಡಿದರು, ತಾಯಂದಿರು ಗಾಬರಿಯಾಗುತ್ತಿದ್ದರು.

ಮಗು ಏನಾಯಿತು ಎಂದು ಕೇಳುತ್ತೀರಿ. ಹೇಳುತ್ತೇನೆ. ಹಾಲಿನ ಜೊತೆ ಲೆಕ್ಕವಿಟ್ಟು ಉಪ್ಪು, ಜೀರ್ಣಕ್ಕೆ ಪುಡಿ, ದಿನಾ ಬೆನ್ನು ತಟ್ಟಿ ಕಫ ಇಳಿಸುವುದು, ಆಗಾಗ ಆಂಟಿಬಯೋಟಿಕ್. ಅಷ್ಟರಿಂದಲೇ ಚೈತ್ರ ಬೆಳೆದಳು, ಸೈಕಲ್ ಕಲಿತಳು, ಹೈಸ್ಕೂಲಿಗೆ ಸೇರಿದಳು. ಹೈಸ್ಕೂಲು ಮುಗಿಸಲಿಲ್ಲ. ಈಗಿನ ಔಷಧಿಗಳಲ್ಲಿ ಆ ಬಾಗಿಲನ್ನೇ ರಿಪೇರಿ ಮಾಡುವಂಥವು ಬಂದಿವೆಯಂತೆ. ಓದಿದಾಗ ಖುಷಿಯಾಗುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಆದರೆ ನಿಮಗೆ ಹೇಳಬೇಕೆಂದಿದ್ದದ್ದು ಫಲಿತಾಂಶ ತಿಳಿಸಿದ ಮಧ್ಯಾಹ್ನದ್ದು. "ಕಂಡುಹಿಡಿದೋಳು ನೀನು, ನೀನೇ ಹೇಳು" ಎಂದು ಸಾರ್ ನನ್ನನ್ನು ಮುಂದೆ ದೂಡಿ ತಾವು ಹಿಂದೆ ನಿಂತರು. ಮಹೇಶ, ಗಿರಿಜ, ಮಗುವನ್ನು ತೊಡೆಯ ಮೇಲಿಟ್ಟುಕೊಂಡ ಪಾರ್ವತಮ್ಮ. ಗುಣವಾಗುವ ಕಾಯಿಲೆಯಲ್ಲ ಎಂದೆ. ಹುಟ್ಟುವಾಗಲೇ ಬರುವಂಥದ್ದು, ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬಂದು ಸೇರಿದರೆ ಮಾತ್ರ ಬರುವಂಥದ್ದು ಎಂದೆ. ಗಂಡ ಹೆಂಡತಿ ಮೊದಲೇ ಸಂಬಂಧಿಕರಾ ಎಂದು ಕೇಳಿದೆ.

"ಇವಳು ನಮ್ಮಣ್ಣನ ಮಗಳು" ಎಂದರು ಪಾರ್ವತಮ್ಮ. "ಎಲ್ಲಿಂದ್ಲೋ ತಂದಿದ್ದಲ್ಲ, ನಮ್ಮಪ್ಪನ ಮನೆ ಹುಡುಗಿ ಅಂತ್ಲೇ ತಂದ್ಕೊಂಡೆ."

"ಹಾಗಾದ್ರೆ ಇದು ನಿಮ್ಮ ತೌರುಮನೆ ಕಡೆಯಿಂದ್ಲೇ ಇಬ್ರಿಗೂ ಇಳಿದು ಬಂದಿರ್ಬೇಕು ಅಮ್ಮಾ. ಇವ್ಳಿಗೆ ನಿಮ್ಮಣ್ಣನಿಂದ, ನಿಮ್ಮ ಮಗನಿಗೆ ನಿಮ್ಮಿಂದ. ಯಾರ ತಪ್ಪೂ ಅಲ್ಲ."

ಮುಂದಿನ ಪ್ರಶ್ನೆಗೆ ನಾನು ಬೆಳಗ್ಗೆಯಿಂದ ತಯಾರಾಗಿದ್ದೆ: ಎಷ್ಟು ದಿನ ಬದುಕುತ್ತೆ? ಉತ್ತರವನ್ನು ಮನಸ್ಸಿನಲ್ಲಿ ಮೆತ್ತಗೆ ಮಾಡಿ ಮಾಡಿ ಇಟ್ಟುಕೊಂಡಿದ್ದೆ. ಮಹೇಶ ನೆಲ ನೋಡುತ್ತಿದ್ದ. ಬಾಯಿ ತೆಗೆದದ್ದು ಗಿರಿಜ.

"ಹಾಗಾದ್ರೆ ದೊಡ್ಡೋನು ನನ್ನ ಹಾಲಿಂದ ಸಾಯ್ಲಿಲ್ಲ, ಅಲ್ವಾ ಮೇಡಂ?"

"ಇಲ್ಲಮ್ಮ. ಅವನಿಗೂ ಇದೇ ಕಾಯಿಲೆ ಇದ್ದಿರ್ಬೇಕು. ನಿನ್ನ ಹಾಲಿಂದ ಏನೂ ಆಗ್ಲಿಲ್ಲ."

"ಜೋರಾಗಿ ಹೇಳಿ ಮೇಡಂ. ಅತ್ತೆಗೆ ಎಡಗಿವಿ ಮಂದ."

ನಾನು ಸುತ್ತು ಹಾಕಿ ಪಾರ್ವತಮ್ಮನ ಬಲಗಡೆಗೆ ಹೋದೆ. ಬಗ್ಗಿ, ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದೆ: "ಇವಳ ಹಾಲಲ್ಲಿ ಏನೂ ತಪ್ಪಿರ್ಲಿಲ್ಲ!" ಆಚೆ ಹಾಸಿಗೆಗಳಲ್ಲಿ ಮಕ್ಕಳಿಗೆ ಹಾಲೂಡಿಸುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

ಪಾರ್ವತಮ್ಮ ತಲೆಯೆತ್ತಲಿಲ್ಲ. ಮಗುವಿನ ಟೋಪಿ ಸರಿಮಾಡಿದರು. ಆಮೇಲೆ ಅದನ್ನು ತಮ್ಮ ತೊಡೆಯಿಂದೆತ್ತಿ ಗಿರಿಜಳ ತೊಡೆಯ ಮೇಲಿಟ್ಟು, "ಕುಡ್ಸು" ಎಂದರು.

ಗಿರಿಜ ಸೆರಗು ಮುಂದೆಳೆದು ಮಗುವನ್ನು ಎದೆಗಿಟ್ಟುಕೊಂಡಳು. ಮಗು ಹಾಲು ಹಿಡಿದ ಮೇಲೆ ಅವಳು ಅಳಲು ಶುರುಮಾಡಿದಳು, ಗಟ್ಟಿಯಾಗಿ, ಸತ್ತುಹೋದ ಹುಡುಗನ ಹೆಸರು ಹಿಡಿದು. ಅವನು ಹೋದ ದಿನ ಅವಳನ್ನು ಅಳಲು ಯಾರೂ ಬಿಟ್ಟಿರಲಿಲ್ಲವಂತೆ. ನಾವು ಯಾರೂ ಸಮಾಧಾನ ಮಾಡಲು ಹೋಗಲಿಲ್ಲ.